ಹಿಮ ಕರಗಿದ ಹೊಲಕ್ಕೆ ಆಳುಗಳು

"ಅಂಗಿ ಬಿಚ್ರೋ ಬೋಳಿಮಕ್ಳಾ! ಹೆಣ್ಣು ನೋಡಕ್ಕೆ ಬಂದಿದ್ದೀರೇನೋ?"

ಟಿನ್ ಫ್ಯಾಕ್ಟರಿ ಹಿಂದಿನ ಐಸ್‌ಕ್ರೀಮ್ ಗೋದಾಮಿನ ಬಾಗಿಲಲ್ಲಿ ಉಣ್ಣೆ ಕೋಟು, ಬೂಟು ತೊಟ್ಟು ನಿಂತಿದ್ದ ಏಜೆಂಟ್ ಪ್ರೇಮ್‌ಕುಮಾರ್ ಬೈದ. ನಾನೂ ನನ್ನ ದೊಡ್ಡಪ್ಪ ಚಿಕ್ಕವೆಂಕಟಪ್ಪನೂ ಬಿಚ್ಚಿದೆವು. ನನ್ನ ಎದೆ ಕಂಡು ಒಳಗಿನ ಐಸ್‌ಕ್ರೀಮೇ ಕರಗಿರಬೇಕು. ಕೆ.ಆರ್. ಪುರ ಸಂತೆಯಲ್ಲಿ ಮೂಟೆಗಳನ್ನು ಲಾರಿ ಸಮೇತ ಎತ್ತಿ ಇಳಿಸುವ ಮೈ ಇದು.

ಸಮುದ್ರದಾಚೆ ಒಂದು ದೇಶವಂತೆ, ನೆಲವೆಲ್ಲ ಹಿಮವಂತೆ. ಈಗ ಭೂಮಿ ಬಿಸಿಯಾಗಿ ಹಿಮ ಕರಗಿ, ಕೆಳಗಿನ ಮಣ್ಣಿಗೆ ಗೋಧಿ, ಆಲೂಗಡ್ಡೆ ಹಾಕುತ್ತಿದ್ದಾರಂತೆ. ಅದಕ್ಕೆ ಚಳಿ ತಡೆಯೋ ಆಳುಗಳು ಬೇಕಂತೆ, ಇವತ್ತು ಅದರ ಪರೀಕ್ಷೆ.

"ಅಲ್ಲಿ ಟ್ರ್ಯಾಕ್ಟ್ರು ಇಲ್ವಾ ಸಾಮಿ?" ದೊಡ್ಡಪ್ಪ ಕೇಳಿದ.

"ಐತೆ. ಅಡೀಲಿರೋ ಐಸು ಕರಗಿ ನೆಲ ಕುಸೀತದೆ, ಟ್ರ್ಯಾಕ್ಟ್ರು ಹೂತೋಯ್ತದೆ. ದುಬಾರಿ ಮಾಲು ಕಣಯ್ಯ. ನೀವು ಹೂತ್ರೆ ನಷ್ಟ ಏನು?"

ನಾನು ವಿಮಾನ ಹತ್ತುವ ಸುದ್ದಿ ಕಾಲೊನಿಯ ನಾಯಿಗಳಿಗೂ ಗೊತ್ತಿತ್ತು. ಅಮ್ಮ ಬೀದಿಗೆಲ್ಲ ಕಜ್ಜಾಯ ಹಂಚಿಯಾಗಿತ್ತು. ಫೇಲಾದರೆ ಯಾವ ಮುಖ ಹೊತ್ತು ಮನೆಗೆ ಹೋಗಲಿ?

"ಒಳಗೋಗ್ರೋ. ನಾನು ಸಾಕು ಅನ್ನೋಗಂಟ ನಡುಗ್ದೆ ನಿಂತ್ರೆ ಪಾಸು."

ಕಾಲಿಟ್ಟೊಡನೆ ಅಂಗಾಲು ಕಬ್ಬಿಣದ ತಗಡಿಗೆ ಕಚ್ಚಿಕೊಂಡಿತು. ಆಗಲೇ ಗೊತ್ತಾದದ್ದು, ಇಬ್ಬರೂ ಚಪ್ಪಲಿ ಹೊಸ್ತಿಲಾಚೆ ಬಿಟ್ಟಿದ್ದೆವು. ಯಾರೂ ಹೇಳಿರಲಿಲ್ಲ. ಗೋದಾಮಿನ ಧಣಿ ಮುನಿನಾರಾಯಣಪ್ಪ. ಅವರ ರಾಗಿ ಹೊಲವಿದ್ದ ಜಾಗ ಇದು. ಅವರ ನೆಲ ಬಂದರೆ ನಮ್ಮ ಕಾಲುಗಳು ತಾವಾಗಿಯೇ ಚಪ್ಪಲಿ ಕಳಚುತ್ತವೆ.

ಪ್ರೇಮ್‌ಕುಮಾರ್ ಹಿಗ್ಗಿ ಹೀರೇಕಾಯಿಯಾದ. ಆ ದೇಶದ ಸಾಹೇಬರಿಗೆ ಕಳಿಸಲು ನಮ್ಮ ಪಾದಗಳಿಗೆ ಫೋನು ಹಿಡಿದು ವಿಡಿಯೋ ತೆಗೆದ. "ನೋಡಿ ಸಾರ್, ಬರಿಗಾಲು! ಶೂ ಖರ್ಚೂ ಉಳೀತು!"

ದೊಡ್ಡಪ್ಪನ ಪಂಚೆ ಒದ್ದೆಯಾಯಿತು. ಉಚ್ಚೆ ತಗಡಿನ ಮೇಲೆ ಹರಿದು, ನೋಡುತ್ತಿದ್ದಂತೆ ಗಟ್ಟಿಯಾಯಿತು.

"ಗೊಬ್ಬರಾನೂ ಫ್ರೀ ಸಾರ್!" ಪ್ರೇಮ್‌ಕುಮಾರ್ ಬಿದ್ದು ಬಿದ್ದು ನಕ್ಕ.

ನಾನೂ ನಕ್ಕೆ. ಅವನಿಗಿಂತ ಜೋರಾಗಿ. ಹಳೇ ಮದ್ರಾಸ್ ರಸ್ತೆಯ ಹಾರನ್ನುಗಳೆಲ್ಲ ಬಾಯಿ ಮುಚ್ಚಿಕೊಳ್ಳುವಷ್ಟು.

ದೊಡ್ಡಪ್ಪ ನನ್ನತ್ತ ನೋಡಲಿಲ್ಲ. ಅಂಗಾಲು ಕಿತ್ತುಕೊಂಡು ಬಂದು ಫೋನಿಗೆ ಮುಖ ಕೊಟ್ಟ.

"ಸಾಮೀ, ಮೊದ್ಲು ಈ ಕೋಟಿನ ಸೂಳೇಮಗನ್ನ ನಿಮ್ ಕೆಸರಿಗಿಳ್ಸಿ, ಆಳ ಎಷ್ಟೈತೆ ನೋಡ್ಕೊಳ್ಳಿ."

ಹೊರಟೇ ಹೋದ. ತಗಡಿನ ಮೇಲೆ ಅವನ ಹಿಮ್ಮಡಿಯ ಚರ್ಮ ಉಳಿದಿತ್ತು.

"ಮುದಿಯ ಹೋಗ್ಲಿ ಬಿಡು. ನೀನೇಳೋ, ಚಳಿ ಆಗ್ತಿಲ್ಲ ಸಾರ್ ಅಂತ."

"ಆ... ಆಗ್ತಿಲ್ಲ ಸಾ..."

"ಥೂ, ಹಲ್ಲು ಕಟಕಟ ಅನ್ನೋದು ಕೇಳಿಸ್ತದೆ. ನಗ್ತಾ ಹೇಳ್ಲಾ. ಆಗ್ಲೇ ನಕ್ಯಲ್ಲ, ಹಂಗೆ."

ಹಾಗೆಯೇ ನಕ್ಕೆ.