ಅಂಟು ಹಾಕಿದ ಸ್ಕ್ರೂಗಳು

ಕನಕಪುರದ ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್ ಶುರುವಾಗಲು ಇನ್ನೂ ಹೊತ್ತಿತ್ತು. ವೇದಿಕೆಯ ಮೂಲೆಯಲ್ಲಿ ಕೂತ ನಟರಾಜು ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈ ಉಂಗುರ ಬೆರಳಿನಿಂದ ತಂತಿ ಒತ್ತಿದ. ತಂತಿ ಅರ್ಧ ಇಳಿದು ಅಲ್ಲೇ ನಿಂತಿತು. ಸ್ವರ ಬರಲಿಲ್ಲ, ಒದ್ದೆ ಗೋಣಿಚೀಲಕ್ಕೆ ಹೊಡೆದಂಥ ಸತ್ತ ಸದ್ದು ಬಂತು.

ಕೀಬೋರ್ಡ್ ಹಿಂದೆ ನಿಂತಿದ್ದ ಅನೀಸ್ ಅದನ್ನು ಕೇಳಿಸಿಕೊಂಡ. ಆರ್ಕೆಸ್ಟ್ರಾ ಅವನದು. ಯಾರು ಬರಬೇಕು, ಯಾರು ಬೇಡ ಅನ್ನುವುದೂ ಅವನದೇ.

"ನಟರಾಜಣ್ಣ, ಬಾಯ್ಬುಟ್ಟು ಹೇಳ್ಲಾ, ಬ್ಯಾಡ್ವಾ?"

"ಹೇಳು. ನಿನ್ ಬಾಯ್ಗೇನ್ ಬೀಗ ಹಾಕಿವ್ನಾ ನಾನು?"

"ಕೈ ವಾಸಿ ಆಯ್ತು ಅಂತ ಬಂದೆ. ಬಂದಾಗಿಂದ ಬರೀ ಟಪ್ ಟಪ್. ಇವತ್ತೂ ಹಿಂಗೇ ಆದ್ರೆ ಬೇಸ್‌ನ ನಾನೇ ಎಡಗೈಲಿ ಕೀಬೋರ್ಡಲ್ಲಿ ಹೊಡ್ಕತೀನಿ. ಹಾರೋಹಳ್ಳಿ ರಾಜ್ಯೋತ್ಸವದ ಪ್ರೋಗ್ರಾಮಿಗೂ ನೀನ್ ಬರೋದ್ ಬ್ಯಾಡ. ಇನ್ ಯಾವ್ದಕ್ಕೂ ಬ್ಯಾಡ."

ನಟರಾಜುವಿನ ಮುಖಕ್ಕೆ ರಕ್ತ ಏರಿತು. ಅವನಿಗೆ ಗಿಟಾರಿನಲ್ಲೇ ಎರಡು ಬಾರಿಸೋಣ ಅನ್ನಿಸಿತು. ಬಾರಿಸಲಿಲ್ಲ, ಯಾಕೆಂದರೆ ಅನೀಸ್ ಹೇಳಿದ್ದು ಸುಳ್ಳಾಗಿರಲಿಲ್ಲ.

ನಟರಾಜು ಹರೆಯವನ್ನೆಲ್ಲ ಕಲ್ಲು ಕ್ವಾರಿಯಲ್ಲಿ ಕಳೆದವನು. ಸುತ್ತಿಗೆ ಹಿಡಿದ ಕೈ ಗಿಟಾರಿಗೂ ಹಾಗೇ ಬೀಳುತ್ತಿತ್ತು. ಅಷ್ಟು ಜೋರಾಗಿ ಮೀಟಿದರೆ ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ ಬಡಿದು ಗರಗರ ಅನ್ನುತ್ತದೆ. ಅದಕ್ಕೇ ತಂತಿಗಳನ್ನು ಎತ್ತರಿಸಿಕೊಂಡಿದ್ದ. ಬುಡದಲ್ಲಿ ನಾಲ್ಕು ತಂತಿಗಳಿಗೂ ಅವನ್ನು ಹೊರುವ ಒಂದೊಂದು ಪುಟ್ಟ ಲೋಹದ ಕುದುರೆ, ಒಂದೊಂದು ಕುದುರೆಗೂ ಎರಡು ಪುಟ್ಟ ಸ್ಕ್ರೂ. ಬಲಕ್ಕೆ ತಿರುಗಿಸಿದರೆ ತಂತಿ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ನಟರಾಜು ಏರಿಸಿದ್ದು ಎಷ್ಟೆಂದರೆ ಅಡಿಯಲ್ಲಿ ಬೀಡಿ ತೂರಿಸಬಹುದಿತ್ತು. "ಬೀಡಿಯಲ್ಲ ಕಣ್ಲಾ, ಕುರಿ ನುಗ್ತದೆ" ಎಂದು ಡ್ರಮ್ ಪ್ಯಾಡಿನ ಮುನಿಶಾಮಯ್ಯ ರೇಗಿಸುತ್ತಿದ್ದ. ಅಷ್ಟು ಎತ್ತರದ ತಂತಿಯನ್ನು ಒತ್ತಲು ಬೇರೆ ಯಾರಿಗೂ ಆಗುತ್ತಿರಲಿಲ್ಲ. ನಟರಾಜುವಿಗೆ ಅದೇ ಜಂಬ.

ಒಮ್ಮೆ ಅವನಿಗೆ ಜ್ವರ ಬಂದಾಗ ಸಾತನೂರಿನ ಪ್ರೋಗ್ರಾಮಿಗೆ ಬೆಂಗಳೂರಿನವನೊಬ್ಬ ಬಂದು ಇದೇ ಗಿಟಾರ್ ನುಡಿಸಿದ್ದ. ಮೆತ್ತನೆ ಕೈಯವನು, ತನಗೆ ಬೇಕಾದಂತೆ ತಂತಿ ಇಳಿಸಿಕೊಂಡ, ಹಾಗೇ ಬಿಟ್ಟುಹೋದ. ಮುಂದಿನ ಪ್ರೋಗ್ರಾಮಿನಲ್ಲಿ ನಟರಾಜು ಮೀಟಿದ್ದೇ ತಡ, ಹಾಡಿಡೀ ಗರಗರ. ಜನ ನಕ್ಕರು. ಮನೆಗೆ ಬಂದವನೇ ತಂತಿಗಳನ್ನು ಮತ್ತೆ ಏರಿಸಿ, ಎರಡು ಟ್ಯೂಬ್ ಬೆರೆಸುವ ಗಟ್ಟಿ ಅಂಟನ್ನು ತಂದು ಎಂಟೂ ಸ್ಕ್ರೂಗಳ ಸುತ್ತ ಮೆತ್ತಿದ. "ಇನ್ ಯಾವೋನ್ ಮುಟ್ತಾನೋ ಮುಟ್ಲಿ" ಎಂದ.

ಆಮೇಲೆ ಕ್ವಾರಿ ಬಿಟ್ಟು ಹಾರೋಹಳ್ಳಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಕೆಲಸಕ್ಕೆ ಸೇರಿದ. ಅಚ್ಚಿಗೆ ಅಂಟಿದ ಬಕೆಟ್ಟನ್ನು ಮಷಿನ್ ನಿಲ್ಲಿಸದೆ ಕೀಳಲು ಹೋಗಿ ಉಂಗುರ ಬೆರಳು ಜಜ್ಜಿಕೊಂಡ. ಬೆರಳು ಉಳಿಯಿತು, ಅದರ ಬಲ ಉಳಿಯಲಿಲ್ಲ.

"ತಂತಿ ಇಳಿಸು ಕಣ್ಲಾ," ಎಂದ ಮುನಿಶಾಮಯ್ಯ ಪಕ್ಕಕ್ಕೆ ಬಂದು. "ಬೆರಳಿಗೆ ಒಸಿ ಸುಲಭ ಆಗ್ತದೆ."

"ಇಳಿಸೋದೆಂಗೆ? ಅಂಟು ಹಾಕಿವ್ನಿ."

"ಯಾವ್ ನನ್ಮಗ ಹಾಕೋಕೇಳ್ದ?"

"ನಾನೇ ಕಣ್ಲಾ ಆ ನನ್ಮಗ. ಮುಚ್ಕೊಂಡು ಆ ಬೆಸುಗೆ ಕಡ್ಡಿ ತಾ. ಕಾಯ್ಸುದ್ರೆ ಅಂಟು ಬುಡ್ತದೆ."

ವೈರ್ ರಿಪೇರಿಗೆ ಇಟ್ಟಿದ್ದ ಬೆಸುಗೆ ಕಡ್ಡಿ ಬಂತು, ಪ್ಲಗ್ಗಿಗೂ ಹೋಯಿತು. ಅದು ಬಿಸಿಯಾಗುವ ಮೊದಲೇ ಮಂಟಪದ ಫ್ಯಾನುಗಳು ನಿಂತವು. ಕರೆಂಟ್ ಹೋಗಿತ್ತು. ಜನ ಬಂದ ಮೇಲೆಯೇ ಜನರೇಟರ್ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ. ಅನೀಸ್ ಗಡಿಯಾರ ನೋಡಿದ. ನಟರಾಜು ಗಿಟಾರ್ ಎತ್ತಿಕೊಂಡು ನೇರ ಅಡುಗೆಮನೆಗೆ ನುಗ್ಗಿದ.

ಅಡುಗೆಯ ಮಾಯಮ್ಮ ಸೌದೆ ಒಲೆಯ ಮೇಲೆ ಬೋಂಡ ಬಿಡುತ್ತಿದ್ದಳು.

"ಏನಣ್ಣ, ಅದನ್ನೂ ಎಣ್ಣೆಗ್ ಬುಡ್ಬೇಕಾ?"

"ಒಸಿ ಬೆಂಕಿ ಕೊಡವ್ವ. ಒಂದ್ ಇಕ್ಕಳನೂ ಕೊಡು."

"ಇಕ್ಕಳ ವಾಪಸ್ ಬರ್ಬೇಕು. ನಿಮ್ ಆರ್ಕೆಸ್ಟ್ರಾದೋರ್ನ ನಂಬಕಾಗಲ್ಲ."

ಅವನು ತಂತಿಗಳನ್ನು ಸಡಿಲಿಸಿ, ಸ್ಕ್ರೂ ತಿರುಗಿಸುವ ಪುಟ್ಟ ಅಲೆನ್ ಕೀಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದೊಳಗೆ ಇಟ್ಟ. ಕಾದ ಕೀಯನ್ನು ಮೊದಲ ಸ್ಕ್ರೂವಿನ ತೂತಿಗೆ ಇಳಿಸಿದ. ಅಂಟು ಸುಟ್ಟ ಕಮಟು ವಾಸನೆ ಎದ್ದಿತು. ಮಾಯಮ್ಮ ಮೂಗು ಮುಚ್ಚಿಕೊಂಡು ಬೈದಳು. ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮತ್ತೆ ಕಾಯಿಸಿದ, ಮತ್ತೆ ಇಟ್ಟ. ಈ ಸಲ ಕಿರ್ ಎಂದು ಕೂದಲೆಳೆಯಷ್ಟು ತಿರುಗಿತು.

ಅಲ್ಲಿಂದ ಮುಂದೆ ಅವನು ಕ್ವಾರಿಯವನಾದ. ಬಂಡೆ ಸೀಳುವಾಗ ಸಾಲಾಗಿ ಬೆಣೆ ಇಡುತ್ತಾರೆ. ಒಂದೇ ಬೆಣೆಗೆ ಬಡಿಯುವುದಿಲ್ಲ. ಎಲ್ಲಕ್ಕೂ ಒಂದೊಂದು ಏಟು, ಮತ್ತೆ ಮೊದಲಿನಿಂದ. ಸ್ಕ್ರೂಗಳನ್ನೂ ಅವನು ಹಾಗೇ ಸಾಲಿನಲ್ಲಿ ಒಂದೊಂದೇ ಕಾಲು ಸುತ್ತು ಇಳಿಸುತ್ತ ಬಂದ. ಏಳು ಸ್ಕ್ರೂ ಮಾತು ಕೇಳಿದವು. ದಪ್ಪ ತಂತಿಯ ಕುದುರೆಯ ಒಂದು ಸ್ಕ್ರೂ ಮಾತ್ರ ಹಠ ಹಿಡಿಯಿತು.

ಹೊರಗೆ ಕಾರುಗಳ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಮುನಿಶಾಮಯ್ಯ ಬಾಗಿಲಲ್ಲಿ ತಲೆ ಹಾಕಿದ. "ಜನ ಬಂದ್ರು. ಅನೀಸ್ ಕೂಗ್ತಾವ್ನೆ."

"ಕೂಗ್ಲಿ!" ಎಂದವನೇ ನಟರಾಜು ಸಿಟ್ಟಿನಲ್ಲಿ ಕೀಯನ್ನು ಬಲವಾಗಿ ತಿರುಚಿದ. ಟಕ್ ಎಂದಿತು. ತಿರುಗಿದ್ದು ಸ್ಕ್ರೂ ಅಲ್ಲ, ಕೀ ಮಾತ್ರ; ಸ್ಕ್ರೂವಿನ ತೂತು ಸವೆದು ಗುಂಡಗಾಗಿತ್ತು. ಇನ್ನು ಅದನ್ನು ಯಾವ ಕೀಯೂ ಹಿಡಿಯುವಂತಿರಲಿಲ್ಲ.

ಅವನು ತನ್ನ ಕೈಯನ್ನೇ ದಿಟ್ಟಿಸಿ ನೋಡಿದ. ಬಾಯಿಗೆ ಬಂದದ್ದೆಲ್ಲ ಬೈದ. ಮುನಿಶಾಮಯ್ಯ ಆಗಲೇ ಹೋಗಿದ್ದರಿಂದ ಅದೆಲ್ಲ ಮಾಯಮ್ಮನ ಬೋಂಡಕ್ಕೆ ತಗಲಿತು. ದಪ್ಪ ತಂತಿಯ ಕುದುರೆ ಒಂದು ಕಾಲು ಎತ್ತಿ ನಿಂತೇ ಉಳಿಯಿತು.

ಜನರೇಟರ್ ಗುಡುಗಿತು. ವೇದಿಕೆಗೆ ಬಂದು ತಂತಿ ಬಿಗಿದು ಶ್ರುತಿ ಮಾಡಿಕೊಂಡ. ನುಡಿಸಿ ನೋಡಲೂ ಬಿಡುವಿರಲಿಲ್ಲ, ಮುನಿಶಾಮಯ್ಯ ಆಗಲೇ ತಾಳ ಎತ್ತಿದ್ದ. ನಟರಾಜು ಮೀಟಿದ. ಉಂಗುರ ಬೆರಳು ಒತ್ತಿದ ತಂತಿ ಪಟ್ಟಿಗೆ ಸರಿಯಾಗಿ ಕೂತಿತು. ಆದರೆ ಸ್ವರದ ಬೆನ್ನಿಗೇ ಗರಗರ ಬಂತು. ಸ್ಪೀಕರ್ ಒಡೆದಂತೆ ಕೇಳಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಕಿವಿಗೆ ಕೈ ಹಿಡಿದಳು.

ಅನೀಸನ ಎಡಗೈ ಕೀಬೋರ್ಡಿನ ಎಡತುದಿಗೆ ಸರಿಯಿತು. ಬೆರಳುಗಳು ಕೀಗಳ ಮೇಲೆ ನಿಂತವು, ಇನ್ನೂ ಒತ್ತಿರಲಿಲ್ಲ.

ನಟರಾಜು ಅದನ್ನೇ ನೋಡುತ್ತಿದ್ದ. ಸಿಟ್ಟು ಬಂದಷ್ಟೂ ಕೈ ಜೋರಾಯಿತು, ಕೈ ಜೋರಾದಷ್ಟೂ ಗರಗರ ಹೆಚ್ಚಿತು. ತಂತಿ ಇಳಿಸಿದರೆ ಸಾಲದು, ಕೈಯನ್ನೂ ಇಳಿಸಬೇಕು. ಬಂಡೆ ಸೀಳುವಾಗಿನ ಕೊನೆಯ ಸುತ್ತು ನೆನಪಾಯಿತು. ಗೆರೆ ಬಿರಿಯುತ್ತಿದೆ ಎನ್ನುವಾಗ ಹೊಡೆಯುವುದಿಲ್ಲ, ಸುತ್ತಿಗೆಯ ತೂಕವನ್ನಷ್ಟೇ ಬೆಣೆಯ ಮೇಲೆ ಬಿಡುತ್ತಾರೆ. ಅಲ್ಲಿ ತೋಳು ಸೇರಿಸಿದವನ ಕಲ್ಲು ಅಡ್ಡ ಸೀಳುತ್ತದೆ. ಅವನ ಒಂದು ಕಲ್ಲೂ ಎಂದೂ ಅಡ್ಡ ಸೀಳಿರಲಿಲ್ಲ.

ಹಿಂದಕ್ಕೆ ಹೆಜ್ಜೆಯಿಟ್ಟು ಆಂಪ್ಲಿಫೈಯರಿನ ಸದ್ದಿನ ತಿರುಗಣೆಯನ್ನು ಅರ್ಧಕ್ಕೆ ಏರಿಸಿದ. ತೋಳನ್ನು ಸಡಿಲ ಬಿಟ್ಟ. ಬೆರಳ ತೂಕವನ್ನಷ್ಟೇ ತಂತಿಯ ಮೇಲೆ ಇಟ್ಟ.

ಗರಗರ ನಿಂತಿತು. ಸ್ವರ ನೆಲದಡಿಯಿಂದ ಎದ್ದು ಬಂತು. ಎತ್ತರ ಉಳಿದಿದ್ದ ದಪ್ಪ ತಂತಿಯನ್ನು ಉಂಗುರ ಬೆರಳಿಗೆ ಕೊಡದೆ ತೋರುಬೆರಳಿನಿಂದಲೇ ಒತ್ತಿದ. ಅದಕ್ಕಾಗಿ ಕೈ ಎರಡು ಕಡೆ ಓಡಬೇಕಾಯಿತು, ಒಂದು ಕಡೆ ತಡವಾಯಿತು. ಮುನಿಶಾಮಯ್ಯ ತಾಳವನ್ನು ಕೊಂಚ ಹಿಡಿದು ಕಾದ. ಬೆವರು ಕಣ್ಣಿಗಿಳಿದರೂ ನಟರಾಜು ಒರೆಸಿಕೊಳ್ಳಲಿಲ್ಲ. ಒಂದು ಏಟು ಜೋರಾದರೂ ಅನೀಸನ ಎಡಗೈ ಕೆಳಗಿಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಎರಡನೆಯ ಚರಣ ಬಂತು. ಅನೀಸನ ಎಡಗೈ ಕೀಗಳಿಂದ ಎದ್ದು ಪ್ಯಾಂಟಿನ ಜೇಬಿಗೆ ಹೋಯಿತು, ಕರವಸ್ತ್ರ ತೆಗೆಯಿತು, ಮುಖ ಒರೆಸಿತು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಹಾಡು ಮುಗಿದಾಗ ಅನೀಸ್ ಮೈಕಿನಿಂದ ಮುಖ ತಿರುಗಿಸಿದ. "ಹಾರೋಹಳ್ಳಿ ರಾಜ್ಯೋತ್ಸವಕ್ಕೆ ಬೆಳಗ್ಗೇನೇ ಬಂದ್ಬುಡಣ್ಣ. ಆ ಕುಂಟ ಕುದುರೆಯ ಸ್ಕ್ರೂನ ಡ್ರಿಲ್ ಹಾಕ್ಸಿ ತೆಗ್ಸಾನ."

"ಮುಟ್ ನೋಡಾನ," ಎಂದ ನಟರಾಜು. ಆ ಕುದುರೆಯನ್ನು ಬೆರಳಲ್ಲಿ ತಡವಿ, "ತೆಗ್ಸುದ್ರೆ ನಾನೂ ಜೊತೇಲಿರ್ತೀನಿ. ಇನ್ನೊಂದ್ ಒಸಿ ಇಳೀಬೇಕು ಅದು," ಎಂದ.

ಅಡುಗೆಮನೆಯ ಬಾಗಿಲಿನಿಂದ ಮಾಯಮ್ಮ ಮಂಟಪಕ್ಕೆಲ್ಲ ಕೇಳುವಂತೆ ಕೂಗಿದಳು: "ಲೇ ಗಿಟಾರಣ್ಣ, ನನ್ ಇಕ್ಕಳ ಎಲ್ಲಿ?"