ಕೊನೆಯ ಎರಡು ಅಕ್ಷರ

ಮೆಟ್ಟಿಲು ಹತ್ತುವಾಗ ಮೊದಲನೆಯದಕ್ಕೆ ಸೊನ್ನೆ ಎನ್ನುವವರನ್ನು ನಾನು ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಆಸ್ಪತ್ರೆಗಳಿಗೆ ವೆಬ್ ಪುಟ ಕಟ್ಟಿಕೊಡುವ ನಮ್ಮ ಕಚೇರಿಯ ಹಿರಿಯ ಪ್ರೋಗ್ರಾಮರ್ ಅವರು; ಕಂಪ್ಯೂಟರು ಅಕ್ಷರಗಳನ್ನು ಸೊನ್ನೆಯಿಂದ ಎಣಿಸುತ್ತದೆಂದು ತಾವೂ ಹಾಗೆಯೇ ಎಣಿಸಿ ಎಣಿಸಿ 'ಸೊನ್ನೆ ಮೇಡಂ' ಎಂಬ ಬಿರುದನ್ನು ಗಳಿಸಿದ್ದರು. ಎಡಗಾಲನ್ನು ತುಸು ಎಳೆದು ನಡೆಯುವ ಸಣಕಲು ಆಕೃತಿ, ಮೊಣಕೈ ಸವೆದ ಬೂದು ಸ್ವೆಟರು, ಮಾತಿಗೊಮ್ಮೆ "ಎಲ್ಲಿಂದ? ಎಲ್ಲಿವರೆಗೆ?" ಎನ್ನುವ ಚಾಳಿ. ರಜೆ ಕೇಳಲು ಹೋದವರಿಗೂ ಅದೇ ಪ್ರಶ್ನೆ, ಹೊಟ್ಟೆನೋವೆಂದವರಿಗೂ ಅದೇ.

ಉದ್ದನೆಯ ಸ್ಟ್ರಿಂಗ್‌ನಿಂದ, ಎಂದರೆ ಅಕ್ಷರಗಳ ಸಾಲಿನಿಂದ, ಬೇಕಾದ ತುಣುಕನ್ನಷ್ಟೇ ಕತ್ತರಿಸಿ ಪುಟದ ಮೇಲೆ ತೋರಿಸುವುದು ನಮಗೆಲ್ಲ ನೀರು ಕುಡಿದಷ್ಟು ಸುಲಭ. ಅವರು ಮಾತ್ರ ಸಾಲನ್ನು ಕಾಗದದಲ್ಲಿ ಬರೆದುಕೊಂಡು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ತುಟಿ ಅಲುಗಿಸುತ್ತ, ಲೋಕವನ್ನೇ ಮರೆತು ಕೂರುತ್ತಿದ್ದರು. ಒಮ್ಮೆ ಕಚೇರಿಗೆ ಬಂದ ಅವರ ಮಗಳು, "ಅಮ್ಮ ಬಟ್ಟೆ ಕತ್ತರಿಸೋದೂ ಹಿಂಗೇ ಅಂಕಲ್. ಫ್ರಾಕು ಹೊಲಿದು ಮುಗಿಸೋಷ್ಟರಲ್ಲಿ ನಾನೇ ಬೆಳೆದುಬಿಡ್ತಿದ್ದೆ" ಎಂದಿದ್ದಳು.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ನಡುವಯಸ್ಸಿನಲ್ಲಿ ಈ ಕಸುಬು ಕಲಿತ ಗರ್ವ ಇನ್ನೂ ಇಳಿದಿರಲಿಲ್ಲ. ಆಗ ಆಸ್ಪತ್ರೆಯೊಂದರ ರಕ್ತನಿಧಿಯ ಪುಟ ನನ್ನ ಪಾಲಿಗೆ ಬಂತು. ರಕ್ತದ ಪ್ರತಿ ಚೀಲಕ್ಕೂ ಒಂದು ಸಂಕೇತ: ಮೊದಲು ಅಂಕಿಗಳು, ಆಮೇಲೊಂದು ಓರೆಗೆರೆ, ಕೊನೆಗೆ ರಕ್ತದ ಗುಂಪು. ಗುಂಪಿನ ಅಕ್ಷರವೊಂದು, ಪ್ಲಸ್ಸೋ ಮೈನಸ್ಸೋ ಇನ್ನೊಂದು. ಕೊನೆಯ ಎರಡನ್ನು ಕತ್ತರಿಸಿಕೊ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದೆ. ಮರುದಿನವೇ ಪುಟ ಆಸ್ಪತ್ರೆಯ ಕೈಸೇರಬೇಕಿತ್ತು, ಮ್ಯಾನೇಜರು ತುದಿಗಾಲಲ್ಲಿ ನಿಂತಿದ್ದರು.

"ಅಲ್ಲಿರೋ ಇಪ್ಪತ್ತೇಳು ಚೀಲಾನೂ ಸರಿಯಾಗಿ ತೋರಿಸ್ತಿದೆ ಮೇಡಂ" ಎಂದೆ, ನನ್ನ ಕೆಲಸ ಪರೀಕ್ಷಿಸಲು ಬಂದು ಕೂತ ಸೊನ್ನೆ ಮೇಡಂಗೆ.

"ಇರೋದನ್ನ ನೋಡಿದ್ರಿ. ಇಲ್ಲದೇ ಇರೋದು ಯಾವುದು?"

ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದೆ.

"ಎಬಿ ಎಲ್ಲಿದೆ ಇದರಲ್ಲಿ?"

ಅಪರೂಪದ ಆ ಗುಂಪಿನ ಸಂಕೇತವೊಂದನ್ನು ಅವರೇ ತುಂಬಿದರು. ಅದಕ್ಕೆ ಅಕ್ಷರ ಎರಡು, ಚಿಹ್ನೆ ಒಂದು. ಕೊನೆಯ ಎರಡನ್ನಷ್ಟೇ ಉಳಿಸುವ ನನ್ನ ಸಾಲು ಮೊದಲ ಅಕ್ಷರವನ್ನು ಸದ್ದಿಲ್ಲದೆ ಎಸೆದು, ಎಬಿ ರಕ್ತವನ್ನು ಬಿ ರಕ್ತವೆಂದು ತೋರಿಸಿ, ಏನೂ ಆಗದಂತೆ ನಿಂತಿತ್ತು. ಬಿ ಗುಂಪಿನ ರೋಗಿಯ ಮೈಗೆ ಅದು ಹರಿದಿದ್ದರೆ ಅವನ ಗತಿ!

"ಲ್ಯಾಬಿನವರು ಇನ್ನೊಂದ್ಸಲ ನೋಡ್ತಾರಲ್ಲ" ಎಂದು ಮ್ಯಾನೇಜರು ಗೊಣಗಿದರು.

"ನಾವು ನೋಡಿರ್ತೀವಿ ಅಂತ ಅವರೂ ಅಂದ್ಕೊಂಡ್ರೆ?"

ಎಣಿಸುವುದನ್ನು ಬಿಟ್ಟು, ಓರೆಗೆರೆಯನ್ನು ಹುಡುಕಿ ಅದರಾಚೆಗಿನದನ್ನೆಲ್ಲ ತೆಗೆದುಕೊಳ್ಳುವಂತೆ ನನ್ನಿಂದಲೇ ಆ ಸಾಲನ್ನು ತಿದ್ದಿಸಿದರು. ಎಲ್ಲ ಎಂಟು ಗುಂಪುಗಳನ್ನೂ ತುಂಬಿ ನೋಡುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹಿಂದಿನಿಂದ ಅವರನ್ನು ಆಡಿಕೊಂಡು ನಕ್ಕವರಲ್ಲಿ ನಾನೂ ಒಬ್ಬ. ಆ ದಿನ ಮಾತ್ರ ಆ ಸಣ್ಣ ಜೀವದೆದುರು ಕೈಮುಗಿದು ನಿಲ್ಲಬೇಕೆನಿಸಿತು.

ಮೂರನೆಯ ವಾರ ರಕ್ತನಿಧಿಗೆ ಎಬಿ ರಕ್ತದ ಮೊದಲ ಚೀಲ ಬಂತು. ಪುಟ ಅದನ್ನು ಎಬಿ ಎಂದೇ ತೋರಿಸಿತು. ಅದರಲ್ಲಿ ಯಾರಿಗೂ ಯಾವ ವಿಶೇಷವೂ ಕಾಣಲಿಲ್ಲ. ಇಂಥವರ ಸಾಧನೆಯ ಸ್ವರೂಪವೇ ಅದು. ವೈದ್ಯರು ಉಳಿಸಿದವರು ಮರಳಿ ಬಂದು ಕೃತಜ್ಞತೆ ಹೇಳುತ್ತಾರೆ. ಇವರು ಉಳಿಸಿದವರಿಗೆ, ತಾವು ಅಪಾಯದಲ್ಲಿದ್ದೆವೆಂಬುದೇ ತಿಳಿದಿರುವುದಿಲ್ಲ.