ಮಾಯಮ್ಮನ ಸೀರೆಯ ಪದ

ಧನುರ್ಮಾಸ ಹಿಡಿದ ಮೊದಲ ಶುಕ್ರವಾರ, ದೀಪ ಹಚ್ಚುವ ಹೊತ್ತು. ಅವರೆಕಾಯಿಯ ಕಾಲ. ಬೆಳಗೊಳದ ನಮ್ಮ ಮನೆಯ ಜಗಲಿಯಲ್ಲಿ ಮೊರ ಮುಂದಿಟ್ಟುಕೊಂಡು ನಾನು ಕಾಯಿ ಸುಲಿಯುತ್ತಿದ್ದೆ. ಒಳಗೆ ನಡುಮನೆಯಲ್ಲಿ ನನ್ನ ಮಗ ದೇವರಾಜುವಿನ ಮಗಳು ಹೇಮಶ್ರೀ ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿ ಅದರ ಮುಂದೆ ಕೂತು ಮಾತಾಡುತ್ತಿದ್ದಳು. ಎಲ್ಲ ಶುರುವಾದದ್ದು ಆ ಹೊತ್ತಿನಲ್ಲೇ.

ಹೇಮ ಪಾಂಡವಪುರದ ಗೊಬ್ಬರದಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ. ಹಗಲೆಲ್ಲ ಯೂರಿಯಾ, ಪೊಟ್ಯಾಷು. ಸಂಜೆಯಾದರೆ ಕಿವಿಗೆ ಹಾಡು. ಸಿನಿಮಾ ಹಾಡಲ್ಲ, ರಾಕು, ಹಿಪ್ ಹಾಪು. ಇವು ಶುಕ್ರವಾರ ಶುಕ್ರವಾರ ಹೊಸದಾಗಿ ಬರುತ್ತವಂತೆ, ಸಂತೆಗೆ ತರಕಾರಿ ಬಂದ ಹಾಗೆ. ಅವತ್ತೇ ಎಲ್ಲವನ್ನೂ ಕೇಳಿ, ಯಾವುದು ಕಾಳು ಯಾವುದು ಜೊಳ್ಳು ಅಂತ ಫೋನಿನಲ್ಲಿ ಹೇಳಿ ಜನಕ್ಕೆ ಬಿಡುತ್ತಾಳೆ. ನಮ್ಮೂರ ಮಾತಿನಲ್ಲೇ ಹೇಳುತ್ತಾಳೆಂದು ಕೇಳುವವರು ಹುಬ್ಬಳ್ಳಿಯಲ್ಲೂ ಇದ್ದಾರೆ, ದುಬೈನಲ್ಲೂ ಇದ್ದಾರೆ.

"ಈ ವಾರ ಬಂದಿರೋ ರ‍್ಯಾಪೆಲ್ಲ ಒಂದೇ ತಾಯಿ ಮಕ್ಳಂಗವೆ," ಅನ್ನುತ್ತಿದ್ದಳು ಅವತ್ತು. "ಅದೇ ಬೀಟು, ಅದೇ ಕಾರು, ಕತ್ತಿಗೆ ಅದೇ ಚೈನು, ನಾನೇ ರಾಜ. ಆ ಕಾರಿನ ಕಂತು ಯಾರ್ ಕಟ್ತಾವ್ರೆ ಅಂತ ಒಬ್ನಾದ್ರೂ ಹಾಡ್ಲಿ ನೋಡವ. ಇನ್ನು ನಮ್ ಮೈಸೂರಿನ ಕಲ್ಲುಸೇತುವೆ ತಂಡದ ಹೊಸ ಆಲ್ಬಮ್ಮು. ಗಿಟಾರು ಬೆಂಕಿ. ಆದ್ರೆ ಹಾಡೋ ಅಣ್ಣ ಅಂಗ್ಯಾಕೆ ಕಿರುಚ್ತಾನೆ? ಚೇಳು ಕಡೀತಾ? ಹೋದ ಸಲ ಡ್ರಮ್ಸು ಮನ್ಸ ಬಾರಿಸಿದ್ದ, ಈ ಸಲ ಕಂಪ್ಯೂಟರ್ ಬಾರಿಸೈತೆ. ಮನ್ಸ ಬಾರಿಸಿದ್ರೆ ಒಂದೊಂದು ಏಟು ಒಂಚೂರು ತಡ ಆಯ್ತದೆ. ಜೀವ ಇರದು ಆ ತಡದಲ್ಲೇ... ಅಜ್ಜೀ, ಸಿಪ್ಪೆ ಸದ್ದು ಬತ್ತಾ ಐತೆ, ಒಂದ್ಗಳಿಗೆ ನಿಲ್ಸು!"

ನಾನು ಕೈ ನಿಲ್ಲಿಸಿದೆ. ಶುಕ್ರವಾರದ ಸಂಜೆ ನನಗೆ ಅಭ್ಯಾಸವಾಗಿತ್ತು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಅವಳು ಹೇಳುವುದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ರಾಕು ನನಗೆ ಹಿಡಿಸುತ್ತಿತ್ತು. ಮಾರಿಹಬ್ಬದ ತಮಟೆಯ ಹಾಗೆ ನೇರ ಎದೆಗೆ ಬಂದು ಬಡಿಯುತ್ತದೆ. ರ‍್ಯಾಪು ಅಷ್ಟು ಹಿಡಿಸುತ್ತಿರಲಿಲ್ಲ. ಬೈಗುಳ ಬೈಯಲಿ, ಬೇಡವೆನ್ನುವುದಿಲ್ಲ, ಆದರೆ ಬೈಸಿಕೊಂಡವರು ಎದುರಿಗೆ ಕಾಣಿಸುವುದಿಲ್ಲವಲ್ಲ ಅನ್ನಿಸುತ್ತಿತ್ತು.

ಆಗ ಅಂಗಳದಲ್ಲಿ ಬೈಕು ನಿಂತಿತು. ಸಿಂಧಘಟ್ಟಕ್ಕೆ ಕೊಟ್ಟಿರುವ ನನ್ನ ಮಗಳ ಮಗ ದಿಲೀಪ. ಕೆ.ಆರ್. ಪೇಟೆಯಲ್ಲಿ ಬೈಕು ರಿಪೇರಿ ಮಾಡುತ್ತಾನೆ, ಸಂಜೆ ರ‍್ಯಾಪು ಕಟ್ಟುತ್ತಾನೆ. ಅವನು ಹಿಂದೆ ಬಿಟ್ಟಿದ್ದ ಎರಡು ಹಾಡನ್ನೂ ಹೇಮ ಫೋನಿನಲ್ಲಿ ಜಾಡಿಸಿದ್ದಳು. 'ಸಾರಿಲ್ಲದ ಮುದ್ದೆ' ಅಂದಿದ್ದಳು. ಅದಾದ ಮೇಲೆ ಯುಗಾದಿಗೂ ಅವನು ನಮ್ಮ ಮನೆಗೆ ಬಂದಿರಲಿಲ್ಲ.

"ಏನಮ್ಮಿ ಜಡ್ಜಮ್ಮ, ಮುಗೀತಾ ತೀರ್ಪು?" ಅಂದ ಒಳಗೆ ಬಂದವನೇ.

"ಬಾರ್ಲಾ. ಇನ್ನೊಂದು ಸಾರಿಲ್ದ ಮುದ್ದೆ ತಂದ್ಯಾ?"

"ತಂದಿವ್ನಿ. ಈ ಸಲ ಸಾರು ಅಜ್ಜೀದು."

ಫೋನು ಒತ್ತಿದ. ಮೊದಲು ತಮಟೆಯಂಥ ಏಟು. ಆಮೇಲೆ ಒಂದು ಮುದಿ ದನಿ. ನಂದೇ ದನಿ!

"ಮಾಯಮ್ಮ ಬಂದ್ಲವ್ವ ಮಗನ ಮದುವೇಗೆ
ಕಡ ತಂದ ಸೀರೆ ಕಣೆ, ಕಣ್ಣು ಪಾಯಸದ್ ಮ್ಯಾಗೆ..."

ಹೋದ ವೈಶಾಖದಲ್ಲಿ ದಿಲೀಪನ ತಂಗಿ ಶ್ವೇತಳ ಮದುವೆ. ಗಂಡು ರಘುನಂದನ್, ನಾಗಮಂಗಲದ ಆಚೆಯ ಹಳ್ಳಿ. ಅವನ ತಾಯಿ ಮಾಯಮ್ಮ. ನಮ್ಮ ಕಡೆ ಚಪ್ಪರದಲ್ಲಿ ಬೀಗರನ್ನು ಪದ ಹಾಡಿ ಹಂಗಿಸುವುದು ಹಿಂದಿನಿಂದ ಬಂದದ್ದು. ಹೆಸರು ಹಿಡಿದೇ ಹಂಗಿಸಬೇಕು; ಹೆಸರು ಬಿಟ್ಟರೆ ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಅಂತ ಬೀಗಿತ್ತಿಗೆ ಕೋಪ. ನಾನು ಹಾಡಿದೆ. ಮಾಯಮ್ಮ ಸುಮ್ಮನಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು, ಹಲ್ಲಿಲ್ಲದ ಬೈರಮ್ಮ ಹೋಳಿಗೆ ಕದ್ದು ಮಡಿಲಿಗೆ ಕಟ್ಟಿಕೊಂಡಳು ಅಂತ ನನಗೆ ತಿರುಗಿಸಿ ಹಾಕಿದಳು. ಚಪ್ಪರವೇ ನಕ್ಕಿತು. ಆಮೇಲೆ ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟು ಬಾಯಿಗೆ ಹಾಕಿಕೊಂಡೆವು. ಎಲೆ ಹಾಕಿಕೊಂಡರೆ ಪದ ಅಲ್ಲಿಗೆ ಮುಗಿಯಿತು, ಅದನ್ನು ಮನೆಗೆ ಹೊತ್ತುಕೊಂಡು ಹೋಗುವ ಹಾಗಿಲ್ಲ. ದಿಲೀಪ ನನ್ನ ಪದವನ್ನು ಫೋನಿಗೆ ಹಿಡಿದುಕೊಂಡಿದ್ದ. ಮಾಯಮ್ಮ ತಿರುಗಿಸಿ ಹಾಡುವಾಗ ಊಟಕ್ಕೆ ಎದ್ದು ಹೋಗಿದ್ದ.

ಹೇಮ ಕಣ್ಣು ಮುಚ್ಚಿ ಕೇಳಿದಳು. ಮತ್ತೆ ಹಾಕಿಸಿಕೊಂಡು ಕೇಳಿದಳು. ನನ್ನ ಎರಡು ಸಾಲು ತಿರುತಿರುಗಿ ಬರುತ್ತಿತ್ತು. ನಡುವೆ ದಿಲೀಪ ಕೆ.ಆರ್. ಪೇಟೆಯ ದೊಡ್ಡಸ್ತಿಕೆಯ ಜನರನ್ನು, ಬಾಡಿಗೆ ಕಾರಿನಲ್ಲಿ ಬಂದು ಫೋಟೊ ತೆಗೆಸಿಕೊಳ್ಳುವವರನ್ನು ಹಿಡಿದು ಉಗಿಯುತ್ತಿದ್ದ.

"ಲೇ ದಿಲೀಪ," ಅಂದಳು ಕೊನೆಗೆ. "ಇದು ಚೆನ್ನಾಗೈತೆ ಕಣ್ಲಾ."

ಅವನು ತಲೆ ತಗ್ಗಿಸಿ ಬೈಕಿನ ಕೀ ತಿರುಗಿಸುತ್ತಾ ಕೂತ. ನನಗೂ ಖುಷಿಯೇ ಆಯಿತು. ಚಪ್ಪರದಲ್ಲಿ ಹೆಸರು ಕೇಳಿ ಕೇಳಿ ಅಭ್ಯಾಸವಾದ ಕಿವಿಗಳು. ಆ ಹೆಸರು ನಮ್ಮ ಮೂವರಲ್ಲಿ ಯಾರಿಗೂ ಚುಚ್ಚಲಿಲ್ಲ.

ಮುಂದಿನ ಶುಕ್ರವಾರ ಹಾಡು ಹೊರಬಂತು. ಹೇಮ ಫೋನಿನಲ್ಲಿ ಹೇಳಿದಳು: "ಈ ವರ್ಷ ನಾ ಕೇಳಿದ ರ‍್ಯಾಪಲ್ಲಿ ಇದೇ ಮೇಲು. ನಮ್ಮತ್ತೆ ಮಗ ಅಂತ ಯೋಳ್ತಿಲ್ಲ. ಇವನ ಹಿಂದಿನವನ್ನ ನಾನೇ ಉಗ್ದಿದ್ದೀನಿ, ಬೇಕಾದ್ರೆ ಹೋಗಿ ನೋಡಿ. ಇದ್ರಲ್ಲಿ ತಡ ಐತೆ. ಅಜ್ಜಿ ಉಸ್ರು ಎಳ್ಕೊಳೋದೂ ಕೇಳಿಸ್ತದೆ."

ಹಿಂದೆ ಉಗಿದವಳೇ ಹೊಗಳಿದಳೆಂದು ಜನ ನಂಬಿದರು. ಸಂಕ್ರಾಂತಿಯ ಹೊತ್ತಿಗೆ ಕಬ್ಬಿನ ಟ್ರಾಕ್ಟರುಗಳಲ್ಲೆಲ್ಲ ಅದೇ ಹಾಡು. ರಸ್ತೆ ಬದಿಯಲ್ಲಿ ಬಸ್ಸಿಗೆ ನಿಂತಿದ್ದಾಗ ನನ್ನ ದನಿಯೇ ನನ್ನ ಮುಂದೆ ಹಾದುಹೋಯಿತು. ಡ್ರೈವರಿಗೆ ಗೊತ್ತಿಲ್ಲ. ನಾನು ಸೆರಗಿನ ಮರೆಯಲ್ಲಿ ನಕ್ಕೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಶ್ವೇತ ಫೋನು ಮಾಡಿದಳು.

"ಅಜ್ಜಿ, ನಮ್ಮತ್ತೆ ಡೈರಿಗೆ ಹೋಗೋದು ಬುಟ್ಬುಟ್ಟವ್ರೆ. ಹಾಲಿನ ಸಾಲಲ್ಲಿ ಹುಡುಗ್ರು ಹಾಡು ಹಾಕ್ತಾರೆ. 'ಮಾಯಮ್ಮಾರೆ, ಇವತ್ತು ಯಾರ್ ಸೀರೆ?' ಅಂತಾರೆ. ಹೆಂಗಸ್ರೂ ನಗ್ತಾರೆ."

"ನಿನ್ನ ಏನಂತಾರೆ ಮಗಾ?"

"ಏನೂ ಅನ್ನಲ್ಲ. ಅದೇ ಭಯ. ತಟ್ಟೆಗೆ ಮುದ್ದೆ ಇಕ್ತಾರೆ, ಮುಖ ನೋಡಲ್ಲ." ದನಿ ತಗ್ಗಿಸಿದಳು. "ಇವ್ರು ಮಾತ್ರ ಅಂದ್ರು. 'ನಿಮ್ಮನೆಯೋರು ನಮ್ಮವ್ವನ ಬೀದಿಗೆ ತಂದ್ರು. ನಿನ್ನ ಇಲ್ಲಿ ಮಡೀಕಂಡು ನಾನು ಅವಳಿಗೆ ಏನು ಮುಖ ತೋರ್ಸ್ಲಿ?' ಅಂದ್ರು. ನನ್ನ ಕಳಿಸ್ಬುಡ್ತಾರೆ ಅಜ್ಜಿ."

ಫೋನು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದ ಹೇಮ ಎಲ್ಲವನ್ನೂ ಕೇಳಿಸಿಕೊಂಡಳು. ಅವತ್ತೇ ದಿಲೀಪನನ್ನು ಕರೆಸಿದಳು.

"ತೆಗಿಯೋ ಅದನ್ನ."

"ಯಾಕಮ್ಮಿ ತೆಗೀಲಿ? ಮೇಲು ಅಂದೋಳು ನೀನೇ ತಾನೆ? ಒಂದ್ ಸಲ ಜನ ನನ್ನ ಕೇಳ್ತಾವ್ರೆ, ಅದೂ ಕಿತ್ಕೋಬೇಕಾ? ಈಗ ಕೆಟ್ಟೋಯ್ತಾ ಹಾಡು?"

"ಈಗ್ಲೂ ಮೇಲೇ ಕಣ್ಲಾ. ಕೆಟ್ಟದಾಗಿದ್ರೆ ಯಾರೂ ಕೇಳ್ತಿರ್ಲಿಲ್ಲ. ಆದ್ರೆ ಮಾಯತ್ತೆ ಆ ಊರಲ್ಲಿ ಬದುಕ್ಬೇಕಲ್ಲ."

"ಚಪ್ಪರದ ಪದಕ್ಕೆ ಯಾರಾದ್ರೂ ಕೋಪ ಮಾಡ್ಕೋತಾರಾ? ನೀನೇ ಯೋಳಜ್ಜಿ!"

ನಾನು ಹೇಳಿದೆ. "ಟ್ರಾಕ್ಟರಲ್ಲಿ ಚಪ್ಪರ ಇಲ್ವಲ್ಲ ಮಗ. ನಿನ್ ತಂಗಿ ಗಂಟು ಕಟ್ಕೊಂಡು ಬಂದ್ರೆ ಏನ್ ಮಾಡೀಯೆ?"

ಅವನು ಎದ್ದು ಹಿತ್ತಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಬಂದು ಫೋನು ಹೇಮಳ ಕೈಗೆ ಕೊಟ್ಟ. "ನೀನೇ ತೆಗಿ. ನನ್ ಕೈಲಾಗಲ್ಲ," ಅಂದ. ಅವಳು ತೆಗೆದಳು. ಅಷ್ಟೊತ್ತಿಗೆ ಅದು ಎಷ್ಟು ಜನರ ಫೋನಿನಲ್ಲಿ ಕೂತಿತ್ತೋ! ಮಾರನೇ ಬೆಳಿಗ್ಗೆಯೂ ನಮ್ಮ ಮನೆ ಮುಂದೆ ಹಾದುಹೋದ ಟ್ರಾಕ್ಟರಿನಲ್ಲಿ ಅದೇ ಹಾಡು.

ಎಲೆ ಅಡಿಕೆ ಕಟ್ಟಿಕೊಂಡು ನಾನೂ ಹೇಮಳೂ ನಾಗಮಂಗಲದ ಬಸ್ಸು ಹತ್ತಿದೆವು. ಮಾಯಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದಳು. ಕೈ ತೊಳೆದುಕೊಂಡು ಬಂದು ಚಾಪೆ ಹಾಸಿ, ಶ್ವೇತಳಿಗೆ ಕಾಫಿ ಮಾಡಲು ಹೇಳಿದಳು. ಮರ್ಯಾದೆಯಲ್ಲಿ ಏನೂ ಕಡಿಮೆ ಇರಲಿಲ್ಲ. ನಾನು ಎಲೆಯ ಪೊಟ್ಟಣ ಮುಂದಿಟ್ಟೆ.

"ಮಾಯಮ್ಮ, ತಪ್ಪಾಯ್ತು. ಎಲೆ ಹಾಕ್ಕೊಳವ್ವ. ನಿನ್ ಬಾಯಿಗೆ ಬಂದಿದ್ದು ನನಗೂ ಅನ್ನು."

"ಚಪ್ಪರ ಎಲ್ಲೈತೆ ಬೈರವ್ವ?" ಅಂದಳು ಮೆಲ್ಲಗೆ. "ಚಪ್ಪರದಲ್ಲಿ ಅಂದ್ರಿ, ಚಪ್ಪರದಲ್ಲೇ ತಿರುಗಿ ಅಂದೆ. ಎಲೇನೂ ಹಾಕ್ಕೊಂಡೆ. ನನ್ ಹೊಟ್ಟೇಲಿ ಏನೂ ಇರ್ನಿಲ್ಲ."

ಹೇಮ ಮುಂದಕ್ಕೆ ಬಂದಳು. "ಅತ್ತೆ, ನೀವು ಅಜ್ಜಿಗೆ ಹಾಡಿದ್ದನ್ನ ಈಗ ಹಾಡಿ. ಅದನ್ನೂ ಹಾಕ್ತೀವಿ. ಸಮ ಆಯ್ತದೆ."

"ಹಾಕುದ್ರೆ ಏನಾದದು? ನಿಮ್ಮಜ್ಜಿ ಬಾಯಲ್ಲಿ ಹಲ್ಲಿಲ್ಲ ಅಂತ ಊರ್ನೋರು ನಗ್ತಾರೆ. ನಂಗೇನು ಬಂತು ಮಗಾ?"

ಶ್ವೇತ ಕಾಫಿ ತಂದಿಟ್ಟು ಬಾಗಿಲ ಹಿಂದೆ ನಿಂತಳು. ಮಾಯಮ್ಮ ಸೀರೆಯ ಅಂಚನ್ನು ಬೆರಳಿನಲ್ಲಿ ಸುತ್ತಿ ಬಿಡುತ್ತಿದ್ದಳು.

"ನೀವು ಸುಮ್ನೆ ತಮಾಸೆಗೆ ಅಂದ್ರಿ," ಅಂದಳು. "ಅದು ನಿಜವಾಗ್ಲೂ ಕಡ ತಂದ ಸೀರೆ ಬೈರವ್ವ. ನನ್ ತಂಗೀದು. ಮದುವೆ ಮುಗಿದ ಮಾರ್ನೆ ದಿನ ಒಗೆದು, ಮಡಿಸಿ, ವಾಪಸ್ ಕೊಟ್ಟೆ. ಚಪ್ಪರದಲ್ಲಿ ನೀವು ಅಂದಾಗ ಎದೆ ಧಸಕ್ಕಂತು. ಎಲ್ರೂ ನಕ್ಕರು, ಸದ್ಯ ಯಾರೂ ನಿಜ ಅನ್ಕೊಳ್ಳಿಲ್ಲ ಅಂತ ನಾನೂ ನಕ್ಕೆ. ಈಗ ದಿನಾ ಕೇಳ್ತಾರೆ, ಯಾರ್ ಸೀರೆ, ಯಾರ್ ಸೀರೆ. ದಿನಾ ನಂಗೆ ಧಸಕ್ಕಂತದೆ."

ನಾನು ಅವಳ ಮುಖ ನೋಡಲಾರದೆ ಕಾಫಿ ಲೋಟ ನೋಡುತ್ತಾ ಕೂತೆ. ಎಷ್ಟೋ ಚಪ್ಪರಗಳಲ್ಲಿ ಎಷ್ಟೋ ಜನರಿಗೆ ಕಡದ ಸೀರೆ ಉಡಿಸಿದ ಬಾಯಿ ನನ್ನದು. ಹೊರಡುವಾಗ ಮಾಯಮ್ಮ ಎಲೆಯ ಪೊಟ್ಟಣ ತೆಗೆದುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಗೋಡೆಯ ಗೂಡಿನಲ್ಲಿ ಇಟ್ಟಳು.

ಬಸ್ಸಿನಲ್ಲಿ ಹೇಮ ಕಿವಿಗೆ ಏನೂ ಸಿಕ್ಕಿಸಿಕೊಳ್ಳಲಿಲ್ಲ. ಆ ಶುಕ್ರವಾರ ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿದಳು. ಹೊಸ ರಾಕಿನ ಮಾತಿಲ್ಲ, ಯಾರ ಗಿಟಾರಿನ ಮಾತೂ ಇಲ್ಲ. ಅವಳು ಹೇಳುವ ಮೊದಲೇ ನಾನು ಸುಲಿಯುವುದನ್ನು ನಿಲ್ಲಿಸಿದ್ದೆ.

"ದಿಲೀಪನ ಹಾಡು ಮೇಲು ಅಂದಿದ್ದೆ. ಹಾಡು ಚೆನ್ನಾಗೇ ಐತೆ, ಸುಳ್ಳು ಯೋಳಲ್ಲ. ಆದ್ರೆ ದಯವಿಟ್ಟು ಅದನ್ನ ಹಾಕ್ಬೇಡಿ. ಅದ್ರಲ್ಲಿರೋ ಹೆಸ್ರು ಬದುಕಿರೋ ಒಬ್ರು ಹೆಂಗಸಿಂದು. ನಾನು ಬೀಟು ಕೇಳ್ದೆ, ಉಸ್ರು ಕೇಳ್ದೆ, ಹೆಸ್ರು ಕೇಳ್ನಿಲ್ಲ. ನನ್ ಅಭಿಪ್ರಾಯ ಅಷ್ಟು ಕುಂಟು."

ಒಳ್ಳೆಯದಾಗಲಿ ಅಂತ ಆಡಿದ ಮಾತು. ಕೇಳಿರದವರೂ ಯಾವ ಹಾಡಪ್ಪಾ ಅದು ಅಂತ ಹುಡುಕಿ ಕೇಳಿದರು. ಮನೆಯವರು ಹೆದರಿಸಿ ಹೇಳಿಸಿದ್ದಾರೆ ಅಂತ ಕೆಲವರು ಬರೆದರಂತೆ. ಬದುಕಿರುವ ಮಾಯಮ್ಮ ಯಾರು ಅಂತ ಪತ್ತೆ ಮಾಡಿಕೊಂಡು, ಯಾರೋ ಹುಡುಗರು ಕಾರಿನಲ್ಲಿ ಆ ಹಳ್ಳಿಗೇ ಹೋದರು. ಹಿತ್ತಲಿನಲ್ಲಿ ಸಗಣಿ ಬಾಚುತ್ತಿದ್ದವಳ ಮುಂದೆ ಫೋನು ಹಿಡಿದು, "ಅಮ್ಮಾ, ಒಂದೇ ಒಂದ್ ಸಲ ಸೀರೆ ತೋರ್ಸಿ" ಅಂದರಂತೆ. ರಘುನಂದನ್ ದೊಣ್ಣೆ ಹಿಡಿದು ಓಡಿಸಿದ. ಅವರು ಅದನ್ನೂ ಫೋನಿಗೆ ಹಿಡಿದುಕೊಂಡು ಹೋದರು.

ಶ್ವೇತಳನ್ನು ಕಳಿಸಿಬಿಡುತ್ತಾರೆ ಅಂತ ನಾವು ಕಾಯುತ್ತಿದ್ದೆವು. ನನ್ನ ಮಗಳು ಸಿಂಧಘಟ್ಟದಲ್ಲಿ ಅನ್ನ ನೀರು ಬಿಟ್ಟು ಕೂತಿದ್ದಳು. ಫೋನು ಬಂತು. ಶ್ವೇತ ಅಳುತ್ತಿದ್ದಳು.

ಬೆಳಿಗ್ಗೆ ಹಾಲು ಕರೆದು ಮುಗಿಸಿ ಮಾಯಮ್ಮ ಸೊಸೆಯನ್ನು ಕೊಟ್ಟಿಗೆಗೆ ಕರೆದಳಂತೆ. "ನೀ ಎಲ್ಗೂ ಹೋಗ್ಬೇಡ ಕಣವ್ವ. ನಿನ್ನ ತಪ್ಪೇನೈತೆ? ಹಸ ನಿನ್ ಕೈಗೂ ಹಾಲು ಬುಡ್ತದೆ. ನಾನೇ ಓಯ್ತೀನಿ," ಅಂದಳಂತೆ. ಹೊಸಹೊಳಲಿನಲ್ಲಿ ಅವಳ ಅಣ್ಣನ ಮನೆ. ಮಗ ಅಡ್ಡ ನಿಂತು, ಆ ಹಾಡು ಅಲ್ಲಿ ಇಲ್ವೇನವ್ವ ಅಂದದ್ದಕ್ಕೆ, "ಇದ್ರೆ ಇರ್ಲಿ. ತವರಲ್ಲಿ ನನ್ನ ಯಾರೂ ಮಾಯಮ್ಮ ಅನ್ನಲ್ಲ, ಪುಟ್ಟಕ್ಕ ಅಂತಾರೆ," ಅಂದಳಂತೆ. ಎರಡು ನೂಲಿನ ಸೀರೆ ಚೀಲಕ್ಕೆ ಹಾಕಿಕೊಂಡಳು. ಗೂಡಿನಲ್ಲಿದ್ದ ನನ್ನ ಎಲೆಯ ಪೊಟ್ಟಣವನ್ನೂ ತೆಗೆದುಕೊಂಡಳು. ಎಲೆ ಒಣಗಿ ಪುಡಿಯಾಗಿತ್ತು. ಆದರೂ ತೆಗೆದುಕೊಂಡಳು ಅಂತ ಶ್ವೇತ ಹೇಳಿದಳು.

ಹೇಮ ಈಗಲೂ ಹಾಡು ಕೇಳುತ್ತಾಳೆ. ಅಕ್ಕಿ ಡಬ್ಬದ ಮುಂದೆ ಕೂರುವುದಿಲ್ಲ. ಯಾವುದು ಚೆನ್ನ ಅಂತ ನಾನು ಕೇಳಿದರೂ ಹೇಳುವುದಿಲ್ಲ. ಮೊನ್ನೆ ಪಕ್ಕದ ಬೀದಿಯ ಮದುವೆಗೆ ಪದ ಹೇಳಲು ಕರೆಯಬಂದರು, ಗಂಟಲು ಸರಿಯಿಲ್ಲ ಅಂದೆ.

ಮಾಯಮ್ಮ ಮನೆ ಬಿಟ್ಟಾಗ ಮಾಘದ ಹುಣ್ಣಿಮೆ ಕಳೆದಿತ್ತು. ಮಂಗಳವಾರ ಮನೆಯ ಹೆಣ್ಣು ಮನೆ ಬಿಟ್ಟು ಹೊರಡಬಾರದು ಅನ್ನುತ್ತಾರೆ ನಮ್ಮ ಕಡೆ. ಬುಧವಾರದವರೆಗೂ ಕಾಯದೆ ಮಾಯಮ್ಮ ಹೊರಟದ್ದು ಮಂಗಳವಾರ.